ಕಾಣದ ಆವಿ, ಕಾಣುವ ಮೋಡ

ಜಲಚಕ್ರದ ಚಿತ್ರ ಬರೆಯದೆ ಪ್ರಾಥಮಿಕ ಶಾಲೆ ದಾಟಿದವರಿಲ್ಲ. ಕೆಳಗೆ ಸಮುದ್ರ, ಮೇಲಕ್ಕೆ ನಾಲ್ಕು ಬಾಣ, ಮೂಲೆಯಲ್ಲಿ ಮೋಡ. ಮೋಡದಲ್ಲೇನಿದೆ ಎಂದು ಮಕ್ಕಳನ್ನು ಕೇಳಿ ನೋಡಿ, ‘ನೀರಾವಿ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದಕ್ಕೆ ಅಂಕವೂ ಸಿಗುತ್ತದೆ. ಆದರೆ ನೀರಾವಿ ಕಣ್ಣಿಗೆ ಕಾಣುವುದಿಲ್ಲ, ಮೋಡ ಕಾಣುತ್ತದೆ!

ಇದನ್ನು ತೋರಿಸಲು ಅಡುಗೆಮನೆ ಸಾಕು. ಕೆಟಲಿನಲ್ಲಿ ನೀರು ಕೊತಕೊತ ಕುದಿಯುವಾಗ ಅದರ ಮೂತಿಯನ್ನು ದಿಟ್ಟಿಸಬೇಕು (ಮಗು ದೂರವೇ ನಿಂತಿರಲಿ). ಮೂತಿಗೆ ಅಂಟಿಕೊಂಡಂತೆ ಒಂದಿಷ್ಟು ಜಾಗ ಖಾಲಿ ಕಾಣುತ್ತದೆ. ಅಲ್ಲಿರುವುದೇ ಆವಿ. ಅದರಾಚೆ ಬೆಳ್ಳಗೆ ಏಳುವುದು ತಣಿದು ಹನಿಗಟ್ಟಿದ ನೀರು. ಮೋಡವೂ ಅದೇ, ತೀರಾ ಎತ್ತರದಲ್ಲಾದರೆ ಹಿಮದ ಹರಳು.

ಚಿತ್ರದಲ್ಲಿ ಬಾರದ ಇನ್ನೊಂದು ವಸ್ತು ಧೂಳು. ಗಾಜಿನ ಜಾಡಿಗೆ ಒಂದಷ್ಟು ಬಿಸಿನೀರು ಹಾಕಿ, ಬಾಯಿಗೆ ಐಸ್ ತುಂಬಿದ ತಟ್ಟೆ ಇಡಿ. ಮಬ್ಬು ಅಷ್ಟಕ್ಕಷ್ಟೆ. ತಟ್ಟೆ ಎತ್ತಿ, ಊದುಬತ್ತಿಯ ಹೊಗೆ ತುಸು ಒಳಬಿಟ್ಟು ಮತ್ತೆ ಮುಚ್ಚಿದರೆ ಜಾಡಿಯೊಳಗೇ ಮೋಡ ಕಟ್ಟುತ್ತದೆ. ಆವಿ ಹನಿಯಾಗಲು ಹಿಡಿದುಕೊಳ್ಳಲೊಂದು ಕಣ ಬೇಕು. ಆಕಾಶದಲ್ಲಿ ಆ ಕೆಲಸ ಧೂಳು, ಹೊಗೆ, ಕಡಲ ಉಪ್ಪಿನದು.

ನೀರೇ ಆಗಿದ್ದರೆ ಬೀಳುವುದಿಲ್ಲವೇಕೆ ಎಂದು ಆಗ ಮಕ್ಕಳೇ ಕೇಳುತ್ತಾರೆ. ಮೋಡದ ಹನಿಯ ಅಡ್ಡಳತೆ ಸುಮಾರು 0.02 ಮಿ.ಮೀ. ಅಷ್ಟೆ, ಮೇಲೇಳುವ ಗಾಳಿ ಅದನ್ನು ಹೊತ್ತಿರುತ್ತದೆ. ಅಂಥ ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಹಾಗೆಂದು ಮೋಡ ಹಗುರವೇನಲ್ಲ. ಒಂದು ಕಿ.ಮೀ. ಉದ್ದ, ಅಗಲ, ಎತ್ತರದ ಬಿಳಿಮೋಡದಲ್ಲಿ ಘನಮೀಟರಿಗೆ ಅರ್ಧ ಗ್ರಾಂ ನೀರು ಎಂದಿಟ್ಟುಕೊಂಡರೂ ಒಟ್ಟು 500 ಟನ್! ಈ ಗುಣಾಕಾರವನ್ನು ಏಳನೇ ತರಗತಿಗೆ ಬಿಟ್ಟುಕೊಡಿ.

ಹವಾಮಾನದ ಪಾಠಕ್ಕೆ ಬಣ್ಣದ ಚಾರ್ಟಿಗಿಂತ ಅಳತೆಯೇ ಮೇಲು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಾಗಿ ತಲೆಕೆಳಗೆ ಕೂರಿಸಿ. ಬುಡದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ, ಆ ಮಟ್ಟದಿಂದ ಸ್ಕೇಲ್ ಅಂಟಿಸಿದರೆ ಮಳೆಮಾಪಕ ಸಿದ್ಧ. ಹವಾಮಾನ ಇಲಾಖೆ ಹಿಂದಿನ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ. ಮಕ್ಕಳೂ ಅದೇ ಹೊತ್ತಿಗೆ ನೋಡಿ ಬರೆಯಲಿ. ಒಂದು ಮಿ.ಮೀ. ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು.

‘ಈ ಸಲ ಆರಿದ್ರೆ ಕೈಕೊಟ್ಟಿತು’ ಎಂದು ಅಜ್ಜ ಅಂದಾಗ ಮೊಮ್ಮಗಳು ನೋಟ್‌ಬುಕ್ ತೆಗೆದು, ಆ ಎರಡು ವಾರ ಬಿದ್ದದ್ದೆಷ್ಟು ಎಂದು ಕೂಡಿಸಿ ಹೇಳಬಹುದು. ಅಜ್ಜ ಒಪ್ಪುತ್ತಾರೆಂಬ ಖಾತ್ರಿಯಿಲ್ಲ. ಶಾಲೆಗೆ ಬಿದ್ದ ಮಳೆಯೇ ಬೇರೆ, ನಮ್ಮ ಹೊಲಕ್ಕೆ ಬಿದ್ದದ್ದೇ ಬೇರೆ ಅಂದಾರು. ಅದೂ ನಿಜವೇ. ಹೊಲದಲ್ಲೂ ಒಂದು ಬಾಟಲಿ ಇಡಬೇಕಾಗುತ್ತದೆ.