ಇನ್ನೊಂದು ಅಂಕಣ ಸೇರಿಸಿ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಳೇ ಮನೆಗಳನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ. ‘ಎಷ್ಟು ಅಂಕಣದ ಮನೆ?’ ಅಂತಲೇ ಕೇಳುವುದು. ಕಂಬಗಳ ನಡುವಿನ ಜಾಗವೇ ಅಂಕಣ. ಮದುವೆ ಚಪ್ಪರಕ್ಕೂ ಅದೇ ಲೆಕ್ಕ: ಗುಣಿ ತೋಡಿ ಗಳ ನೆಟ್ಟು, ಅಡಿಕೆ ದಬ್ಬೆ ಕಟ್ಟಿ, ತೆಂಗಿನ ಗರಿ ಹೊದಿಸುವುದು, ನೆಂಟರು ಹೆಚ್ಚಾದರೆ ಇನ್ನೊಂದು ಅಂಕಣ. ಕಟ್ಟುವವರೂ ಬಿಚ್ಚುವವರೂ ಊರಿನವರೇ. ಚಿಕ್ಕವರಿದ್ದಾಗ ನಾವು ಅದನ್ನೇ ತೋಟದಲ್ಲಿ ಸಣ್ಣದಾಗಿ ಕಟ್ಟಿ ಆಡುತ್ತಿದ್ದೆವು. ಎಡಮಟ್ಟೆಯೇ ಕಂಬ, ಚಿಪ್ಪೇ ಪಾತ್ರೆ.

ಇಷ್ಟು ಗೊತ್ತಿರುವ ಊರಿನ ಶಾಲೆಗೆ ಆಟದ ಸಾಮಾನು ಮಾತ್ರ ಲಾರಿಯಲ್ಲಿ ಬರುತ್ತದೆ. ಎಲ್ಲ ಕಡೆಯೂ ಅದೇ ತಗಡಿನ ಜಾರುಬಂಡೆ, ಅದೇ ಉಯ್ಯಾಲೆ. ಸಿಮೆಂಟಿನಲ್ಲಿ ಹೂತರೆ ಮುಗಿಯಿತು. ಮಧ್ಯಾಹ್ನ ತಗಡು ರೊಟ್ಟಿ ಹಂಚಿನಂತೆ ಕಾಯುತ್ತದೆ; ಮಕ್ಕಳು ಪಕ್ಕದ ತೋಟದಲ್ಲಿ ಬಿದ್ದ ಗರಿ ತಂದು, ಒಬ್ಬರನ್ನು ಕೂರಿಸಿ ಎಳೆದಾಡುತ್ತಾರೆ.

ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮೂರು ದಶಕಗಳಲ್ಲಿ 700ಕ್ಕೂ ಹೆಚ್ಚು ಆಟದ ಜಾಗ ಮಾಡಿದರು. ಮರಳುಗುಂಡಿ, ಹತ್ತಿ ನೆಗೆಯುವ ಗುಂಡುಗಳು, ಕಬ್ಬಿಣದ ಕಮಾನು: ಬಿಡಿಭಾಗಗಳು ಕೆಲವೇ, ಜೋಡಣೆ ಮಾತ್ರ ಜಾಗಕ್ಕೊಂದು. ‘ನಮ್ಮ ಬೀದಿಗೂ ಬೇಕು’ ಎಂದು ಜನ ನಗರಸಭೆಗೆ ಕಾಗದ ಬರೆಯುತ್ತಿದ್ದರು.

ನಮ್ಮಲ್ಲಿ ಕಾಗದವೂ ಬೇಡ, ಮಕ್ಕಳ ಗ್ರಾಮಸಭೆಯೇ ಇದೆ. ಅಲ್ಲಿ ಬಿಸ್ಕತ್ತು ಕೊಟ್ಟು ಕಳಿಸುವ ಬದಲು ಗಳ, ಹಗ್ಗ, ಹಲಗೆ ಮುಂದಿಟ್ಟು, ಏನು ಕಟ್ಟುತ್ತೀರಿ ಅಂತ ಕೇಳಲಿ. ಗೆದ್ದಲು ಹಿಡಿಯುತ್ತೆ, ಯಾರಾದರೂ ಬೀಳ್ತಾರೆ ಅನ್ನುವವರಿದ್ದಾರೆ. ಗಂಟಿನ ಬಿಗಿ ನೋಡಲು ಚಪ್ಪರ ಹಾಕಿದ ಅಜ್ಜಂದಿರು ಊರಲ್ಲಿ ಇನ್ನೂ ಇದ್ದಾರೆ. ಶಾಮಿಯಾನ ಬಂದ ಮೇಲೆ ಅವರನ್ನು ಯಾರೂ ಕರೆಯುತ್ತಿಲ್ಲ.