ಶಾಖಾನಗರದ ಹಗಲು

ಮೂಲನಗರಕ್ಕಿಂತ ಬೇರೆಯಾಗಿ ನಿಂತ ಪುರಕ್ಕೆ ಅಮರಕೋಶವು ಶಾಖಾನಗರವೆಂದು ಹೆಸರು ಹೇಳಿದೆ. ಹೆಸರು ಸೊಗಸಾಗಿದೆ. ಊರು ಮರವಾದರೆ ಬಡಾವಣೆಯು ಅದರ ಕೊಂಬೆಯಲ್ಲವೇ? ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾಗಿ ವಾಸಮಾಡಿಕೊಂಡಿರುವ ಬೆಂಗಳೂರಿನ ಕಲ್ಯಾಣ ನಗರವೂ ಇಂತಹುದೊಂದು ಕೊಂಬೆಯೇ ಸರಿ. ಸಂಜೆಗೆ ಈ ಕೊಂಬೆಯ ಮೇಲೆ ಬಂದು ಕೂಡುವ ಹಕ್ಕಿಗಳು ಬಹಳ; ಹಗಲು ಉಳಿಯುವವು ಕೆಲವೇ. ಈ ವಿಷಯವನ್ನು ಈ ತಿಂಗಳು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಕಲ್ಯಾಣ ನಗರವು ದಂಡುಪ್ರದೇಶಕ್ಕೆ ಈಶಾನ್ಯದಲ್ಲಿ, ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವೆ ಇದೆ. ಬಾಣಸವಾಡಿ, ಕಮ್ಮನಹಳ್ಳಿ, ಕಾಚರಕನಹಳ್ಳಿ ಎಂಬ ಸುತ್ತಲಿನ ಹೆಸರುಗಳಲ್ಲಿ ಹಳ್ಳಿಯು ಇನ್ನೂ ಉಳಿದಿದೆ. ಹೊಲಗಳು ಮಾತ್ರ ಉಳಿದಿಲ್ಲ. 1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇಲ್ಲಿ ಗೆರೆಯೆಳೆದು ನಿವೇಶನಗಳನ್ನು ಹಂಚಿತು. ಆಮೇಲೆ ಸುಮಾರು 60 ಕಿಲೋಮೀಟರುಗಳ ಹೊರ ವರ್ತುಲ ರಸ್ತೆಯು ಬಂದು, ನಮ್ಮನ್ನು ಒಂದು ಕಡೆ ಹೆಬ್ಬಾಳಕ್ಕೂ ಇನ್ನೊಂದು ಕಡೆ ಕೃಷ್ಣರಾಜಪುರಕ್ಕೂ ಜೋಡಿಸಿತು. ಆ ಹೆದ್ದಾರಿಯ ಗದ್ದಲವನ್ನು ಬಿಟ್ಟು ಒಳಬೀದಿಗೆ ತಿರುಗಿದರೆ, ಹೊಂಗೆಯ ನೆರಳು, ಬಾಗಿಲಲ್ಲಿ ರಂಗೋಲಿ, ಹಗಲು ಹತ್ತು ಗಂಟೆಗೆ ಕೋಗಿಲೆಯ ಕೂಗು ಕೇಳುವಷ್ಟು ನಿಶ್ಶಬ್ದ. ಬರುವ ನೆಂಟರೆಲ್ಲರೂ "ಎಷ್ಟು ಶಾಂತವಾಗಿದೆ! ನೀವು ಪುಣ್ಯವಂತರು" ಎನ್ನುವರು. ನಾವೂ ಹೌದೆನ್ನುವೆವು. ಆದರೆ ಶಾಂತಿ ಬೇರೆ, ಜನರಿಲ್ಲದ ನಿಶ್ಶಬ್ದ ಬೇರೆ.

ಬೆಂಗಳೂರಿಗೆ ಬಡಾವಣೆಗಳು ಹೊಸವಲ್ಲ. 1898ರಲ್ಲಿ ಪ್ಲೇಗು ಮಾರಿಯು ಪೇಟೆಯನ್ನು ಹೊಕ್ಕಾಗ, ಗಾಳಿಬೆಳಕುಗಳಿಗಾಗಿ ಜನರು ಮಲ್ಲೇಶ್ವರಕ್ಕೂ ಬಸವನಗುಡಿಗೂ ಸರಿದರು. ದಂಡುಪ್ರದೇಶದ ಇಕ್ಕಟ್ಟನ್ನು ಕಡಮೆಮಾಡಲು ಕೆಲವು ವರ್ಷಗಳ ಮೇಲೆ ಫ್ರೇಜರ್ ಟೌನು ಎದ್ದಿತು. ಆದರೆ ಆ ಕಾಲದ ಗೃಹಸ್ಥನು ಕಚೇರಿಗೋ ಅಂಗಡಿಗೋ ನಡೆದು ಇಲ್ಲವೇ ಜಟಕಾ ಹತ್ತಿ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬಹುದಾಗಿತ್ತು. ಕೊಂಬೆಗೂ ಬುಡಕ್ಕೂ ಅಂತರವು ಅಷ್ಟು ಕಿರಿದಾಗಿತ್ತು.

ಈಗಿನ ಸ್ಥಿತಿಯೇ ಬೇರೆ. ನಮ್ಮ ಬೀದಿಯ ಯುವಕ ಯುವತಿಯರಲ್ಲಿ ಹೆಚ್ಚಿನವರು ಮೂಲನಗರಕ್ಕೆ ಹೋಗುವುದೇ ಇಲ್ಲ. ಒಬ್ಬರು ವೈಟ್‌ಫೀಲ್ಡಿಗೆ, ಇನ್ನೊಬ್ಬರು ನಾಗವಾರದ ಮಾನ್ಯತಾ ಉದ್ಯಾನಕ್ಕೆ, ಮತ್ತೊಬ್ಬರು ಮಾರತ್‌ಹಳ್ಳಿಯ ಆಚೆಗೆ ಹೋಗುವರು. ಚಿಕ್ಕಪೇಟೆಯನ್ನು ವರ್ಷಕ್ಕೊಮ್ಮೆ ಮದುವೆಯ ಸೀರೆಗಾಗಿ ನೋಡಿದರೆ ಹೆಚ್ಚು. ಅಮರಸಿಂಹನ ಲಕ್ಷಣವು ಇಲ್ಲಿ ಸೋಲುತ್ತದೆ: ಮರದ ಬುಡವನ್ನು ಮುಟ್ಟದೆ ಕೊಂಬೆಯಿಂದ ಕೊಂಬೆಗೆ ಹಾರುವ ಬಾಳು ನಮ್ಮದಾಗಿದೆ. ಹಾಗೆ ಹಾರುವವರು ಯಾರೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೇಷ್ಟರ ಅಭ್ಯಾಸದಂತೆ ಒಂದು ಸಣ್ಣ ಲೆಕ್ಕವನ್ನು ಮಾಡೋಣ. 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 28 ನಿಮಿಷಗಳು ಹಿಡಿಯುವುವೆಂದು ಟಾಮ್‌ಟಾಮ್ ಎಂಬ ಸಂಸ್ಥೆಯು ಗಣಿಸಿತು. ಇದು ಸರಾಸರಿ, ಬೆಳಗ್ಗೆ ಒಂಬತ್ತಕ್ಕೆ ವರ್ತುಲ ರಸ್ತೆಯಲ್ಲಿ ಸಿಕ್ಕಿಕೊಂಡವನ ಪಾಡು ಬೇರೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆಯೆಂದಿಟ್ಟರೂ, ವರ್ಷದ 250 ಕೆಲಸದ ದಿನಗಳಿಗೆ 500 ಗಂಟೆಗಳಾದುವು. ಎಂದರೆ ಹಗಲಿರುಳು ಸೇರಿ 20 ದಿನಗಳಿಗೂ ಮಿಕ್ಕು. ನಿವೇಶನದ ಬೆಲೆಯನ್ನು ಚದರಡಿಗೆ ಇಷ್ಟೆಂದು ಎಣಿಸುವವರು ಈ ಬೆಲೆಯನ್ನು ಮಾತ್ರ ಕರಾರುಪತ್ರದಲ್ಲಿ ಕಾಣರು. ಇನ್ನೂ ಹೆಚ್ಚಿನ ಬೆಲೆಯನ್ನು ತೆತ್ತವರೂ ಉಂಟು. 2023ನೆಯ ಜನವರಿ 10ರಂದು ಇದೇ ರಸ್ತೆಯಲ್ಲಿ, ನಾಗವಾರದ ಸಮೀಪ, ಮೆಟ್ರೋ ಕಂಬಕ್ಕಾಗಿ ಕಟ್ಟಿದ್ದ ಕಬ್ಬಿಣದ ಚೌಕಟ್ಟು ಉರುಳಿ, ದ್ವಿಚಕ್ರವಾಹನದಲ್ಲಿ ಹೋಗುತ್ತಿದ್ದ ತಾಯಿಯೂ ಆಕೆಯ ಎಳೆಯ ಮಗನೂ ಪ್ರಾಣಬಿಟ್ಟರು. ಅಂದಿನಿಂದ ನಮ್ಮ ಬೀದಿಯ ಅನೇಕ ಹಿರಿಯರು, ಮಕ್ಕಳು "ತಲಪಿದೆವು" ಎಂದು ದೂರವಾಣಿಯಲ್ಲಿ ತಿಳಿಸುವ ತನಕ ಕಾಫಿಯನ್ನೂ ಮುಟ್ಟುವುದಿಲ್ಲ.

ಹೋದವರ ಮಾತು ಹಾಗಿರಲಿ, ಉಳಿದವರ ಗತಿಯೇನು? ಪತಿಯು ದೂರದೇಶಕ್ಕೆ ತೆರಳಿರಲು ಬಾಗಿಲಲ್ಲಿ ಕಾದಿರುವ ನಾಯಿಕೆಯನ್ನು ಅಲಂಕಾರಿಕರು ಪ್ರೋಷಿತಭರ್ತೃಕೆಯೆಂದು ಕರೆದಿದ್ದಾರೆ. ನಮ್ಮಲ್ಲಿ ನಾಯಕನೂ ಹೋಗುವನು, ನಾಯಿಕೆಯೂ ಹೋಗುವಳು, ಕಾದಿರತಕ್ಕದ್ದು ಮನೆಯೊಂದೇ. ಆ ಮನೆಯೊಳಗೆ ಒಬ್ಬ ಅಜ್ಜನೋ ಅಜ್ಜಿಯೋ ಇರುವರು. ಹೊರಗೆ ಕಾವಲುಗಾರ, ಹೂವಿನಾಕೆ, ಪಾತ್ರೆ ತೊಳೆಯಲು ಬರುವ ಹೆಂಗಸರು, ಮರದಡಿಯ ತಳ್ಳುಗಾಡಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವನು ಇರುವರು. ಹಗಲಿನ ಕಲ್ಯಾಣ ನಗರವು ಇವರದು.

ಕಳೆದ ವರ್ಷ ನಡೆದ ಒಂದು ಸಂಗತಿಯನ್ನು ಹೇಳಿದರೆ ನಮ್ಮ ಅಭಿಪ್ರಾಯವು ಸ್ಪಷ್ಟವಾದೀತು. ಒಂದು ದಿನ ಹನ್ನೊಂದು ಗಂಟೆಗೆ ಇಸ್ತ್ರಿಯವನು ನಮ್ಮ ಗೇಟನ್ನು ಬಡಿದು, "ಮೇಷ್ಟ್ರೇ, ಮೂಲೆಮನೆ ದೊಡ್ಡಮ್ಮನವರು ಪೇಪರು ಎತ್ತಿಲ್ಲ, ಹಾಲೂ ಹಾಗೇ ಇದೆ. ಒಂದ್ಸಲ ಬನ್ನಿ ಸ್ವಾಮಿ" ಎಂದನು. ಹೋಗಿ ಕೂಗಿದೆವು, ಉತ್ತರವಿಲ್ಲ. ಹಿಂದಿನ ಬಾಗಿಲಿಂದ ಒಳಹೊಕ್ಕಾಗ ಆಕೆ ಬಚ್ಚಲಲ್ಲಿ ಜಾರಿಬಿದ್ದು, ಏಳಲಾರದೆ, ಕೂಗಿ ಕೂಗಿ ಗಂಟಲು ಕಟ್ಟಿದವರಾಗಿದ್ದರು. ಮಗ ಸೊಸೆಯರು ಏಳೂವರೆಗೇ ಹೊರಟಿದ್ದರು. ಆಕೆಯ ಕೂಗಿಗೆ ಓಗೊಡಲು ಎರಡು ಪಕ್ಕದ ಮನೆಗಳಲ್ಲಿಯೂ ಒಂದು ನರಪಿಳ್ಳೆ ಇರಲಿಲ್ಲ. ನಾವಿಬ್ಬರೂ ಸೇರಿ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ವೈಟ್‌ಫೀಲ್ಡಿನಿಂದ ಮಗನು ಬಂದು ಮುಟ್ಟುವುದಕ್ಕೆ ಒಂದೂಮುಕ್ಕಾಲು ಗಂಟೆಯಾಯಿತು. ಸೊಂಟದ ಮೂಳೆ ಮುರಿದಿತ್ತು, ಕಾಲಕ್ರಮದಲ್ಲಿ ಗುಣವಾಯಿತು. ಮಗನು ಸಜ್ಜನ, ಮಾತೃಭಕ್ತ. ಆ ಸಂಜೆ ಕಣ್ಣೊರಸಿಕೊಳ್ಳುತ್ತ ನಮ್ಮನ್ನು ಪಕ್ಕಕ್ಕೆ ಕರೆದು, "ಸಾರ್, ಅವರ ಹೆಸರೇನು?" ಎಂದು ಕೇಳಿದನು. ಆರು ವರ್ಷಗಳಿಂದ ಅವನ ಅಂಗಿಗಳಿಗೆ ಇಸ್ತ್ರಿಯಾಗುತ್ತಿದ್ದುದು ಆ ಗಾಡಿಯಲ್ಲಿಯೇ.

ಅವನನ್ನು ನಾವು ಹಳಿಯಲಾರೆವು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನಿಗೆ ಬೀದಿಯ ಪರಿಚಯವಾಗುವ ಬಗೆ ಹೇಗೆ? 2020ನೆಯ ಮಾರ್ಚಿಯಲ್ಲಿ ಕೋವಿಡ್ ರೋಗದ ನಿಮಿತ್ತ ದೇಶವೆಲ್ಲ ಮನೆಯೊಳಗೆ ಕುಳಿತಾಗ, ಕಚೇರಿಗಳು ಮನೆಗೇ ಬಂದುವು. ಆ ಕಾಲವು ದುಃಖದ ಕಾಲ, ಅದನ್ನು ಹೊಗಳತಕ್ಕದ್ದಲ್ಲ. ಆದರೂ ಹತ್ತು ವರ್ಷ ಇದೇ ಬೀದಿಯಲ್ಲಿದ್ದವರು ಆಗ ಮೊದಲಬಾರಿಗೆ ಬಿಸಿಲುಮಚ್ಚಿನಿಂದ ಮಚ್ಚಿಗೆ ಮಾತನಾಡಿದರು. ಯಾರ ಮನೆಯಲ್ಲಿ ಔಷಧ ಮುಗಿಯಿತು, ಯಾರಿಗೆ ಅಡಿಗೆಯಾಗಿಲ್ಲ ಎಂದು ವಿಚಾರಿಸಿಕೊಂಡರು. ಕಚೇರಿಗಳು ಮತ್ತೆ ಕರೆದುವು; ಮಾತುಗಳು ನಿಂತುವು. ಹಾಗಾದರೆ ನಮ್ಮ ಜನರಲ್ಲಿ ಸ್ನೇಹಕ್ಕೆ ಕೊರತೆಯಿಲ್ಲ, ಹಗಲಿಗೆ ಕೊರತೆಯೆಂದಾಯಿತು.

ಕೃಷ್ಣರಾಜಪುರದಿಂದ ನಮ್ಮ ಮಾರ್ಗವಾಗಿ ವಿಮಾನನಿಲ್ದಾಣಕ್ಕೆ ಹೋಗತಕ್ಕ ಮೆಟ್ರೋ ಹಾದಿಗೆ 2021ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತು, ರಸ್ತೆಯಲ್ಲಿ ಕಂಬಗಳೆದ್ದಿವೆ. ಅದರಿಂದ ದಿನಕ್ಕೆ ಅರ್ಧ ಗಂಟೆ ಉಳಿದರೂ ಲಾಭವೇ. ಆದರೆ ಉಳಿದ ಅರ್ಧ ಗಂಟೆಯನ್ನು ಯಾರಿಗೆ ಕೊಡುವೆವೆಂಬುದನ್ನು ಯಾವ ಪ್ರಾಧಿಕಾರವೂ ಗೊತ್ತುಮಾಡಲಾರದು.

ಆದುದರಿಂದ ಬಡಾವಣೆಗಳಲ್ಲಿರುವ ಗೃಹಸ್ಥ ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ. ಹಿರಿಯರು ಮನೆಯಲ್ಲಿ ಒಬ್ಬರೇ ಇರುವುದಾದರೆ, ಇನ್ನೊಂದು ಬೀಗದಕೈಯನ್ನು ನೆರೆಮನೆಯಲ್ಲಿ ಕೊಟ್ಟಿರಿ. ನೆರೆಯವರದನ್ನು ನೀವೂ ಇಟ್ಟುಕೊಳ್ಳಿರಿ. ಬೀದಿಯಲ್ಲಿ ಹಗಲು ಮನೆಯಲ್ಲಿರುವವರ ದೂರವಾಣಿ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಹಿರಿಯರಿಗೆ ಮಧ್ಯಾಹ್ನ ಒಂದು ಸಲ ಮಾತನಾಡಿಸುವ ಯಾರಾದರೂ ಒಬ್ಬರನ್ನು ಗೊತ್ತುಮಾಡಿರಿ. ಭಾನುವಾರ ಒಂದು ಗಂಟೆ ವಾಹನವನ್ನು ಬಿಟ್ಟು ಸ್ವಂತ ಬೀದಿಯಲ್ಲಿ ನಡೆಯಿರಿ. ಹೂವಿನಾಕೆ, ಕಾವಲುಗಾರ, ಇಸ್ತ್ರಿಯವರ ಹೆಸರುಗಳನ್ನು ಕೇಳಿ ತಿಳಿಯಿರಿ, ನಿಮ್ಮ ಹೆಸರನ್ನೂ ಹೇಳಿರಿ. ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ದರೆ ಇನ್ನೂ ಒಳ್ಳೆಯದು.

ಕಲ್ಯಾಣವೆಂದರೆ ಮಂಗಳ. ಅದು ನಾಮಫಲಕದಿಂದ ಬರತಕ್ಕದ್ದಲ್ಲ. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವ ಕಡೆ ತಾನಾಗಿ ನೆಲಸುವುದು.