ಇಂಗಾಲದ ರಾಣಿ

ಸೀಸದಕಡ್ಡಿಯೆಂದು ನಾವು ಕರೆಯುವ ಪೆನ್ಸಿಲ್ಲಿನಲ್ಲಿ ಇರುವುದು ಗ್ರಾಫೈಟ್, ಇಂಗಾಲದ ಒಂದು ರೂಪ. ಈ ಕಪ್ಪು ವಸ್ತುವಿನ ಗುಟ್ಟನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಅರಸಿದವರು ಅಮೆರಿಕದ ಮಿಲ್ಡ್ರೆಡ್ ಡ್ರೆಸೆಲ್‌ಹೌಸ್.

ಪೋಲೆಂಡಿನಿಂದ ವಲಸೆ ಬಂದ ಬಡದಂಪತಿಗಳಿಗೆ 1930ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ 1958ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ವಿಷಯ ಅತಿವಾಹಕತೆ, ಎಂದರೆ ಅತಿಶೀತದಲ್ಲಿ ಕೆಲವು ವಸ್ತುಗಳು ವಿದ್ಯುತ್ತಿಗೆ ತಡೆಯನ್ನೇ ಒಡ್ಡದಿರುವ ಗುಣ. ಮಾರ್ಗದರ್ಶಕರಾದರೋ ಹೆಂಗಸರಿಗೆ ವಿಜ್ಞಾನವೇತಕ್ಕೆಂಬ ಮತದವರು. 1960ರಲ್ಲಿ ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯವನ್ನು ಸೇರಿದಾಗ ಮನೆಯಲ್ಲಿ ಎಳೆಯ ಮಗು. ಮುಂದೆ ಮಕ್ಕಳು ನಾಲ್ವರಾದರು. ಮಗುವನ್ನು ನೋಡಿಕೊಳ್ಳುವವರು ಬರುವ ತನಕ ಹೊರಡುವಂತಿಲ್ಲ. ತಡವಾದರೆ ಮೇಲಿನವರ ಆಕ್ಷೇಪಣೆ. ಆಕ್ಷೇಪಿಸಿದವರ ಮನೆಗಳಲ್ಲಿ ತೊಟ್ಟಿಲು ತೂಗುತ್ತಿದ್ದವರು ಯಾರೆಂದು ಕೇಳುವವರಿರಲಿಲ್ಲ.

ಅಲ್ಲಿ ಅವರು ಗ್ರಾಫೈಟನ್ನು ಕೈಗೆತ್ತಿಕೊಂಡರು. ಕಠಿನವಾದುದು, ಸ್ವಾರಸ್ಯವೂ ಅಷ್ಟಕ್ಕಷ್ಟೇ ಎಂದು ಹೆಚ್ಚಿನವರು ಅದರ ಗೊಡವೆಗೆ ಹೋಗಿರಲಿಲ್ಲ. ಈಕೆಗೆ ಅದೇ ಅನುಕೂಲವಾಯಿತು. ಮಗುವಿಗೆ ಜ್ವರ ಬಂದು ಒಂದು ದಿನ ಮನೆಯಲ್ಲುಳಿದರೆ ಇನ್ನಾರೋ ಮುಂದೆ ಓಡಿ ಗುರಿ ಮುಟ್ಟಿಬಿಡುವರೆಂಬ ಭಯವಿರಲಿಲ್ಲ. ಹೀಗೆಂದು ಅವರೇ ಹೇಳಿಕೊಂಡಿದ್ದಾರೆ. ಸಂಸಾರಕ್ಕಾಗಿ ಮಾಡಿದ ತ್ಯಾಗವೆಂದು ಇದನ್ನು ಹೊಗಳುವವರುಂಟು. ನನಗಂತೂ ಇದು ನುರಿತ ಬೇಟೆಗಾರನ ಲೆಕ್ಕಾಚಾರವೆಂದು ತೋರುತ್ತದೆ.

ಗ್ರಾಫೈಟೆಂದರೆ ಹಪ್ಪಳದ ಅಟ್ಟಿಯಂತೆ ಒಂದರ ಮೇಲೊಂದು ಕುಳಿತ ಹಾಳೆಗಳು. ಒಂದೊಂದರ ದಪ್ಪವೂ ಒಂದೇ ಪರಮಾಣು. ಹೆಣಿಗೆ ಜೇನುಗೂಡಿನಂತೆ ಷಟ್ಕೋನದ್ದು. ಇಂಥ ಬಿಡಿಹಾಳೆಗೆ ಗ್ರಾಫೀನ್ ಎಂದು ಹೆಸರು. ಈ ಹಾಳೆಯನ್ನು ಸುರುಳಿ ಸುತ್ತಿದಂತಿರುವ ಅತಿಸೂಕ್ಷ್ಮ ಕೊಳವೆಗಳನ್ನು 1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ವರ್ಣಿಸಿದರು. ಮರುವರ್ಷವೇ ಡ್ರೆಸೆಲ್‌ಹೌಸ್, ಪತಿ ಜೀನ್ ಹಾಗೂ ಜಪಾನೀ ಸಹೋದ್ಯೋಗಿಗಳು ಲೆಕ್ಕಹಾಕಿ ಹೇಳಿದ ಮಾತು ಸೋಜಿಗದ್ದು. ಚಾಪೆಯನ್ನು ನೇರವಾಗಿ ಸುತ್ತಿದರೂ ಓರೆಯಾಗಿ ಸುತ್ತಿದರೂ ಚಾಪೆ ಚಾಪೆಯೇ. ಇಂಗಾಲದ ಕೊಳವೆ ಹಾಗಲ್ಲ. ಸುತ್ತಿನ ಓರೆಯೂ ಸುತ್ತಳತೆಯೂ ಬದಲಾದಂತೆ ಅದೇ ಹಾಳೆ ಒಮ್ಮೆ ಲೋಹದಂತೆ ವರ್ತಿಸುತ್ತದೆ, ಇನ್ನೊಮ್ಮೆ ಟ್ರಾನ್ಸಿಸ್ಟರುಗಳಲ್ಲಿ ಬಳಸುವ ಅರೆವಾಹಕದಂತೆ! 1998ರಲ್ಲಿ ಪ್ರಯೋಗಗಳು ಇದನ್ನು ದೃಢಪಡಿಸಿದವು.

ಗ್ರಾಫೀನನ್ನು ಅಂಟುಪಟ್ಟಿಯಿಂದ ಬಿಡಿಸಿ ಪರೀಕ್ಷಿಸಿದ ಗೈಮ್ ಮತ್ತು ನೊವೊಸೆಲೊವ್ ಅವರಿಗೆ 2010ರಲ್ಲಿ ನೊಬೆಲ್ ಬಂದಿತು. ಈಕೆಗೆ 2012ರಲ್ಲಿ ಕಾವ್ಲಿ ಪ್ರಶಸ್ತಿ. 2017ರ ಫೆಬ್ರವರಿಯಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಅದೇ ಎಂ.ಐ.ಟಿ.ಯಲ್ಲಿ ಎರಡು ಗ್ರಾಫೀನ್ ಹಾಳೆಗಳನ್ನು ಸುಮಾರು 1.1 ಡಿಗ್ರಿಯಷ್ಟು ತಿರುಚಿ ಒಂದರ ಮೇಲೊಂದಿಟ್ಟು ತಣಿಸಿದಾಗ ಅತಿವಾಹಕತೆ ಕಾಣಿಸಿಕೊಂಡಿತು: ತಾರುಣ್ಯದಲ್ಲಿ ಅವರು ಬಿಟ್ಟುಬಂದಿದ್ದ ವಿಷಯ.